ಶೆಡ್‌ನಲ್ಲಿ ಬಿದ್ದಿರುವ ಹಳೆಯ ಲೇಸರ್ ದೋಣಿ ಕೊಳ್ಳಬಹುದಾ?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ಎಸ್ಟೇಟ್ ಒಂದರಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ಹಳೆಯ ಲೇಸರ್ (ಒಬ್ಬರೇ ನಡೆಸುವ ಸಣ್ಣ ಹಾಯಿದೋಣಿ) ಮಾರಾಟಕ್ಕಿದೆ. ಹಾಯಿ ನಡೆಸಲು ಕಲಿತಿದ್ದೇನೆ, ಸ್ವಂತ ದೋಣಿ ಇಲ್ಲ. ನನ್ನ ತೂಕ 64 ಕೆ.ಜಿ. ಏನು ನೋಡಿ ಕೊಳ್ಳಬೇಕು?

ಉತ್ತರ: ಕೊಳ್ಳಬಹುದು. ಆದರೆ ಹೊಳಪು ನೋಡಿ ಮುಂಗಡ ಕೊಡಬೇಡಿ. ಮೊದಲು ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ನಿಲ್ಲಿಸುವ ಗುಳಿ ನೋಡಿ. ಲೇಸರ್‌ನಲ್ಲಿ ಮಾಸ್ಟನ್ನು ಎಳೆದು ಹಿಡಿಯುವ ತಂತಿಗಳಿಲ್ಲ. ಗಾಳಿಯ ಒತ್ತಡವೆಲ್ಲ ಆ ಗುಳಿಯ ಮೇಲೇ ಬೀಳುತ್ತದೆ. ಒಳಗೆ ಮರಳು ಸೇರಿದ್ದರೆ ಮಾಸ್ಟ್ ತಿರುಗಿದಂತೆಲ್ಲ ತಳ ಸವೆಯುತ್ತದೆ. ಗುಳಿಗೆ ನೀರು ತುಂಬಿಸಿ, ಮಟ್ಟಕ್ಕೊಂದು ಗುರುತು ಹಾಕಿ, ಮಾಲೀಕರ ಜೊತೆ ಕೂತು ಕಾಫಿ ಕುಡಿಯಿರಿ. ಅರ್ಧ ಗಂಟೆಯಲ್ಲಿ ನೀರು ಇಳಿದಿದ್ದರೆ ಅದು ದೋಣಿಯ ಹೊಟ್ಟೆಗೆ ಹೋಗುತ್ತಿದೆ ಎಂದೇ ಲೆಕ್ಕ. ಹಾಗೇ ನೀರಿಗಿಳಿಸಿದರೆ ಒಂದು ದಿನ ಮಾಸ್ಟ್ ಡೆಕ್ಕನ್ನೇ ಸೀಳಿಕೊಂಡು ಬೀಳಬಹುದು. ರಿಪೇರಿ ಆಗದ್ದೇನಲ್ಲ, ಫೈಬರ್ ಕೆಲಸ ಬಲ್ಲವರು ಮಂಗಳೂರು, ಮಲ್ಪೆ ಕಡೆ ಸಿಗುತ್ತಾರೆ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಆಮೇಲೆ ತೂಗಿ. ಎಸ್ಟೇಟ್ ಅಂದ ಮೇಲೆ ಕಾಫಿ ಮೂಟೆ ತೂಗುವ ತಕ್ಕಡಿ ಇದ್ದೇ ಇರುತ್ತದಲ್ವಾ? 4.23 ಮೀಟರ್ ಉದ್ದದ ಈ ದೋಣಿಯ ಬರೀ ಒಡಲು ಸುಮಾರು 59 ಕೆ.ಜಿ. ಇರಬೇಕು. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಒಳಗೆ ನೀರಿದೆ, ಇಲ್ಲವೇ ಯಾರೋ ದಪ್ಪಗೆ ತೇಪೆ ಹಾಕಿದ್ದಾರೆ. ಹಿಂಬದಿಯ ಬಿರಡೆ ಬಿಚ್ಚದೆ ಕೊಡಗಿನ ಎರಡು ಮಳೆಗಾಲ ಕಳೆದ ದೋಣಿ ಒಳಗೆ ಒಣಗಿರುವುದು ಅಪರೂಪ. ಕೂರುವ ಗುಂಡಿಯ ಸುತ್ತ ಡೆಕ್ಕನ್ನು ಅಂಗೈಯಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ಬಿಟ್ಟುಬಿಡಿ, ಚೌಕಾಸಿಯೂ ಬೇಡ.

ಮಾಸ್ಟ್ ಎರಡು ತುಂಡಿನದು. ಮೇಲಿನ ತುಂಡನ್ನು ಕಾಫಿ ಕಣದ ಸಿಮೆಂಟಿನ ಮೇಲೆ ಉರುಳಿಸಿದರೆ ಬಾಗಿದ್ದು ಅಲ್ಲೇ ಗೊತ್ತಾಗುತ್ತದೆ. ಚುಕ್ಕಾಣಿ, ನಡುಹಲಗೆ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗೆ ಇಳಿಬಿಡುವ ಹಲಗೆ) ಎರಡನ್ನೂ ಜೋಡಿಸಿ ಅಲುಗಾಡಿಸಿ ನೋಡಿ, ಸಾಕು.

ಹಾಯಿ ಹಳೆಯದಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅಳತೆ ಮಾತ್ರ ಕೇಳಿ. ಒಂದೇ ಒಡಲಿಗೆ ಮೂರು ಹಾಯಿ ಇವೆ: 7.06, 5.76 ಮತ್ತು 4.7 ಚದರ ಮೀಟರ್. ನಿಮ್ಮ ತೂಕಕ್ಕೆ ನಡುವಿನದು, ಅಂದರೆ ರೇಡಿಯಲ್. ಭಾರತದ ಹಾಯಿದೋಣಿ ಪಟು ನೇತ್ರಾ ಕುಮನನ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇಳಿದದ್ದು ಅದೇ ವಿಭಾಗದಲ್ಲಿ. 2019ರಿಂದ ಹೊಸ ದೋಣಿಗಳಿಗೆ ಐಎಲ್‌ಸಿಎ (ಲೇಸರ್ ದೋಣಿಗಳ ಅಂತರರಾಷ್ಟ್ರೀಯ ಸಂಘದ ಹೆಸರಿನ ಮೊದಲಕ್ಷರಗಳು) ಎಂಬ ಹೆಸರು ಬಂದಿದೆ, ಹಾಗಾಗಿ ರೇಡಿಯಲ್ಲನ್ನು ಈಗ ಐಎಲ್‌ಸಿಎ 6 ಅನ್ನುತ್ತಾರೆ. ದೊಡ್ಡ ಹಾಯಿಯ ದೋಣಿ ಸಿಕ್ಕರೆ ಮಾಸ್ಟಿನ ಕೆಳಗಿನ ತುಂಡು ಮತ್ತು ಹಾಯಿ ಬದಲಿಸಿದರಾಯಿತು.

ಹಾರಂಗಿ ಹಿನ್ನೀರಿನಲ್ಲಿ ಓಡಿಸುವ ಆಸೆಯಿದ್ದರೆ, ದುಡ್ಡು ಕೊಡುವ ಮೊದಲೇ ಕಾವೇರಿ ನೀರಾವರಿ ನಿಗಮದ ಕಚೇರಿಯಲ್ಲಿ ಅನುಮತಿಯ ವಿಷಯ ವಿಚಾರಿಸಿ. ಬಾಯಿಮಾತು ಬೇಡ, ಬರಹದಲ್ಲೇ ಕೇಳಿ.