ವಾರಸುದಾರ: ಆಸ್ತಿಗೆ ಒಬ್ಬ, ರಿಟರ್ನ್‌ಗೆ ಇನ್ನೊಬ್ಬ

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಜುಲೈ ಬಂತೆಂದರೆ ಇದೇ ಗೋಳು. ‘ತೀರಿಹೋದ ಯಜಮಾನರ ಎಫ್‌ಡಿಗೆ ನಾಮಿನಿ ನಾನೇ, ಹಾಗಾಗಿ ವಾರಸುದಾರಳೂ ನಾನೇ.’ ಇಲ್ಲಮ್ಮಾ, ಹಾಗಾಗುವುದಿಲ್ಲ.

ಮೊದಲು ಪದ. ಅರಬ್ಬಿಯ ‘ವಾರಿಸ್’ ಎಂದರೇ ಪಿತ್ರಾರ್ಜಿತ ಪಡೆಯುವವನು. ಕನ್ನಡಕ್ಕೆ ಬಂದು ವಾರಸು ಹಕ್ಕಾಯಿತು, ಅದಕ್ಕೆ ಪಾರಸಿಯ ‘ದಾರ’ ಅಂಟಿ ಹಕ್ಕುಳ್ಳವ ವಾರಸುದಾರನಾದ. ಹಳೇ ಕಂದಾಯ ದಾಖಲೆಗಳ ‘ಮಿರಾಸು’ ಕೂಡ ಇದೇ ಧಾತುವಿನದು. ‘ಬೇ’ ಸೇರಿಸಿ, ಹಿಂದೆ ಮುಂದೆ ಯಾರೂ ಇಲ್ಲದವನನ್ನು ಬೇವಾರ್ಸಿ ಮಾಡಿದೆವು. ಬೈಯುವವರಿಗೆ ಅರ್ಥ ಗೊತ್ತಿರುವುದು ಅಪರೂಪ. ಪೊಲೀಸ್ ಠಾಣೆಯ ‘ವಾರಸುದಾರರಿಲ್ಲದ ಬೈಕುಗಳ ಹರಾಜು’ ಪ್ರಕಟಣೆಯಲ್ಲಿ ಮಾತ್ರ ಅರ್ಥ ಕೊಂಚ ಸರಿದಿದೆ: ‘ನನ್ನದು’ ಎಂದು ಮುಂದೆ ಬರುವವನು. ತೆರಿಗೆಯ ವಾರಸುದಾರ ಈ ಅರ್ಥಕ್ಕೇ ಹತ್ತಿರ.

ನಾಮಿನಿ ಹಣ ಇಸಿದುಕೊಳ್ಳುವ ಕೈ, ಅಷ್ಟೇ. 1984ರಲ್ಲೇ ಸುಪ್ರೀಂ ಕೋರ್ಟ್ ವಿಮೆಯ ಪ್ರಕರಣವೊಂದರಲ್ಲಿ ಇದನ್ನು ಹೇಳಿತ್ತು. 2015ರ ತಿದ್ದುಪಡಿಯ ಬಳಿಕ ವಿಮೆಯ ಮಾತು ಬೇರೆ; ಬ್ಯಾಂಕಿನ ಠೇವಣಿಗೆ ಹಳೆಯ ಮಾತೇ ನಿಲ್ಲುತ್ತದೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಆಸ್ತಿಗೆ 1956ರ ಕಾಯ್ದೆಯಂತೆ ಹೆಂಡತಿ, ಮಕ್ಕಳ ಜೊತೆ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ಹಳ್ಳಿಯಲ್ಲಿರುವ ಅತ್ತೆಯನ್ನು ಮರೆತು ಪಾಲು ಹಾಕುವವರೇ ಹೆಚ್ಚು.

ತೆರಿಗೆಯ ಲೆಕ್ಕವೇ ಬೇರೆ. ಆದಾಯ ತೆರಿಗೆ ಕಾಯ್ದೆಯಲ್ಲಿರುವ ಪದ ‘ಕಾನೂನು ಪ್ರತಿನಿಧಿ’. ಸತ್ತವರ ಪರವಾಗಿ ಉತ್ತರ ಕೊಡಬೇಕಾದವರು ಎಂದರ್ಥ. ಬಾಕಿ ಕಟ್ಟುವ ಹೊಣೆಯೂ ಅವರು ಬಿಟ್ಟುಹೋದ ಆಸ್ತಿಯ ಮಿತಿಯಲ್ಲೇ. ಇಷ್ಟೆಲ್ಲ ಇದ್ದೂ ಇ-ಫೈಲಿಂಗ್ ಪೋರ್ಟಲ್ ಇವರನ್ನು ವಾರಸುದಾರರೆಂದೇ ಕರೆಯುತ್ತದೆ. ಹೆಂಡತಿ ತನ್ನ ಪ್ಯಾನ್‌ನಿಂದ ಲಾಗಿನ್ ಆಗಿ ಮೃತರ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ಗಂಡನ ಪ್ಯಾನ್, ವಾರಸುದಾರಿಕೆಗೆ ಒಂದು ಪುರಾವೆ ಬೇಕು. ಪುರಾವೆಯಾಗಿ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣವೂ ನಡೆಯುತ್ತದೆ, ನಾಮಿನಿಯ ಹೆಸರಿರುವ ಬ್ಯಾಂಕಿನ ಪತ್ರವೂ ನಡೆಯುತ್ತದೆ. ಗೊಂದಲ ಹುಟ್ಟಿದ್ದೇ ಈ ಕೊನೆಯದರಿಂದ. ರಿಟರ್ನ್ ಸಲ್ಲಿಸಲು ಆ ಪತ್ರ ಸಾಕು, ಸೈಟು ಹಂಚಿಕೊಳ್ಳಲು ಸಾಲದು.

ಗಂಡನ ಮೊಬೈಲಿಗೆ ಬರುವ ಒಟಿಪಿ ಹಾಕಿ, ಅವರ ಲಾಗಿನ್‌ನಲ್ಲೇ ಫೈಲ್ ಮಾಡಿ ಮುಗಿಸುವ ಜಾಣರಿದ್ದಾರೆ. ಆ ರಿಟರ್ನ್‌ಗೆ ಸಹಿ ಹಾಕಿದವರು ಯಾರು? ತೀರಿಕೊಂಡವರೇ!

ಇನ್ನು ಆದಾಯ. ಅವರು ಸೆಪ್ಟೆಂಬರ್ 10ಕ್ಕೆ ಹೋದರೆ ಅಲ್ಲಿಯವರೆಗಿನ ಸಂಬಳ, ಬಡ್ಡಿ ಅವರ ಪ್ಯಾನ್‌ನಲ್ಲಿ. ಆಮೇಲಿನ ಬಡ್ಡಿ ಆಸ್ತಿ ಯಾರಿಗೆ ಸೇರಿತೋ ಅವರ ಲೆಕ್ಕಕ್ಕೆ. ಹೆಂಡತಿಗೆ ಬರುವ ಕುಟುಂಬ ಪಿಂಚಣಿಯನ್ನು ಗಂಡನ ರಿಟರ್ನ್‌ಗೆ ತುರುಕಬೇಡಿ. ಅದು ಆಕೆಯದೇ ಆದಾಯ, ಅದೂ ಸಂಬಳದ ಕಾಲಂನಲ್ಲಲ್ಲ, ‘ಇತರ ಮೂಲ’ದಲ್ಲಿ.