ಬಾತ್‌ರೂಮ್ ಹೊಸದಾಗಿ ಮಾಡಿಸಿದ ಮೇಲೆ ಕೆಳಗಿನ ಮನೆಗೆ ಸೋರುತ್ತಿದೆ, ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಏನು ಮಾಡಲಿ?

ಓದುಗರ ಪ್ರಶ್ನೆ: ನಮ್ಮದು ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟ್, ಎರಡನೇ ಮಹಡಿ. ನಾಲ್ಕು ತಿಂಗಳ ಹಿಂದೆ ಬಾತ್‌ರೂಮ್ ಒಡೆಸಿ ಹೊಸ ಪೈಪ್, ಹೊಸ ಟೈಲ್ಸ್ ಹಾಕಿಸಿದೆವು. ಈಗ ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗಿ ಪೇಂಟ್ ಉದುರುತ್ತಿದೆ. ಅವರು ದಿನಾ ಬಂದು ಬಾಗಿಲು ತಟ್ಟುತ್ತಾರೆ. ಕಂಟ್ರಾಕ್ಟರ್‌ಗೆ ಪೂರ್ತಿ ದುಡ್ಡು ಕೊಟ್ಟಾಗಿದೆ. ಮೊದಲು ‘ನಾಳೆ ಬರ್ತೀನಿ ಸಾರ್’ ಅಂದರು, ಆಮೇಲೆ ‘ಅದು ಪ್ಲಂಬರ್ ತಪ್ಪು’ ಅಂದರು, ಈಗ ಫೋನೇ ಎತ್ತುತ್ತಿಲ್ಲ. ಅಗ್ರಿಮೆಂಟ್ ಮಾಡಿಕೊಂಡಿಲ್ಲ. ಬೇರೆ ಮೇಸ್ತ್ರಿಯನ್ನು ಕರೆಸಿ ಒಡೆಸಿಬಿಡಲಾ?

ಉತ್ತರ: ಈಗಲೇ ಒಡೆಸಬೇಡಿ. ಕೆಳಗಿನ ಮನೆಯವರ ಒತ್ತಡ ಎಷ್ಟಿರುತ್ತದೆ ಅಂತ ಗೊತ್ತು. ಆದರೂ ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡದೆ ಹೊಸ ಮೇಸ್ತ್ರಿ ಸುತ್ತಿಗೆ ಎತ್ತಿದರೆ ಎರಡು ನಷ್ಟ. ಒಂದು, ಸೋರಿಕೆ ಇರುವ ಜಾಗ ಬಿಟ್ಟು ಬೇರೆ ಕಡೆ ಒಡೆಯಬಹುದು. ಎರಡು, ಹಳೆಯ ಕಂಟ್ರಾಕ್ಟರ್ ಮಾಡಿದ ತಪ್ಪಿಗೆ ಇದ್ದ ಸಾಕ್ಷಿಯೇ ಕಸದ ಚೀಲ ಸೇರುತ್ತದೆ. ನಾಳೆ ಅವರು ‘ನನ್ನ ಕೆಲಸ ಚೆನ್ನಾಗೇ ಇತ್ತು, ಇವರೇ ಒಡೆದು ಹಾಳು ಮಾಡಿಕೊಂಡರು’ ಅಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಮೊದಲು ಕೆಳಗಿನ ಮನೆಯ ಸುರಕ್ಷತೆ. ಒದ್ದೆಯಾದ ಸೀಲಿಂಗ್‌ನಲ್ಲಿ ಫ್ಯಾನ್ ಅಥವಾ ಲೈಟ್ ಪಾಯಿಂಟ್ ಇದ್ದರೆ ಅದರ ಎಂಸಿಬಿ (ಕರೆಂಟ್ ಬೋರ್ಡಿನಲ್ಲಿರುವ ಸುರಕ್ಷತಾ ಸ್ವಿಚ್) ಇಳಿಸಿಡಲು ಹೇಳಿ. ನೀರು ವೈರಿಂಗ್ ಪೈಪಿನೊಳಗೆ ಇಳಿದು ವೈರ್ ತನಕ ಹೋಗುವುದು ಅಪರೂಪವೇನಲ್ಲ. ಅವರ ಜೊತೆ ಒಮ್ಮೆ ಕೂತು ಮಾತಾಡಿ. ಪತ್ತೆ ಮಾಡುವುದಕ್ಕೆ ಅವರ ಸಹಾಯ ಬೇಕೇ ಬೇಕು, ಯಾಕೆಂದರೆ ನೋಡಬೇಕಾದ ಸೀಲಿಂಗ್ ಇರುವುದು ಅವರ ಮನೆಯಲ್ಲಿ.

ಬಾತ್‌ರೂಮಿನಿಂದ ಸೋರುವ ನೀರಿಗೆ ಸಾಮಾನ್ಯವಾಗಿ ಮೂರು ದಾರಿ. ಟ್ಯಾಂಕಿನಿಂದ ನಲ್ಲಿಗೆ ಬರುವ ಪೈಪ್, ಬಳಸಿದ ನೀರು ಹೊರಗೆ ಹೋಗುವ ಪೈಪ್, ಮತ್ತೆ ನೆಲ. ಮೂರಕ್ಕೂ ಲಕ್ಷಣ ಬೇರೆ ಬೇರೆ. ನಲ್ಲಿ ಪೈಪಿನಲ್ಲಿ ಯಾವಾಗಲೂ ನೀರು ತುಂಬಿಯೇ ಇರುತ್ತದೆ. ಹಾಗಾಗಿ ಅದು ಸೋರಿದರೆ ನೀವು ಊರಿಗೆ ಹೋದಾಗಲೂ ಸೀಲಿಂಗ್ ಒಣಗುವುದಿಲ್ಲ. ಬಾತ್‌ರೂಮಿಗೆ ನೀರು ಬಿಡುವ ಗೇಟ್ ವಾಲ್ವ್ ಒಂದೆರಡು ದಿನ ಮುಚ್ಚಿ, ಹನಿ ಕಡಿಮೆಯಾಗುತ್ತದಾ ನೋಡಿ. ಅನುಮಾನ ಉಳಿದರೆ ಪ್ಲಂಬರ್ ಕೈಯಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ. ಲೈನಿಗೆ ಸಣ್ಣ ಪಂಪು ಜೋಡಿಸಿ ಒತ್ತಡ ಏರಿಸುತ್ತಾರೆ. ಪಂಪಿನ ಮೀಟರ್ ಮುಳ್ಳು ಇಳಿಯುತ್ತಾ ಬಂದರೆ ಪೈಪಿನಲ್ಲೋ ಜಾಯಿಂಟಿನಲ್ಲೋ ತೂತಿದೆ ಅಂತ ಅರ್ಥ. ಟವಲ್ ರಾಡ್ ಅಥವಾ ಗೀಸರ್ ಕೂರಿಸಲು ಡ್ರಿಲ್ ಹಾಕುವಾಗ ಗೋಡೆಯೊಳಗಿನ ಪೈಪಿಗೇ ಏಟು ಬಿದ್ದಿರುವ ಉದಾಹರಣೆಗಳಿವೆ. ಹಳೆಯ ಜಿಐ (ಕಬ್ಬಿಣದ) ಪೈಪನ್ನು ಅರ್ಧ ಉಳಿಸಿ ಅದಕ್ಕೆ ಹೊಸ ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಜೋಡಿಸಿದ್ದರೆ ಆ ಜಾಯಿಂಟ್ ಮೇಲೂ ಕಣ್ಣಿಡಿ.

ಹೊರಹೋಗುವ ಪೈಪಾದರೆ ಬಳಸಿದಾಗ ಮಾತ್ರ ಹನಿ ಬೀಳುತ್ತದೆ. ಇದಕ್ಕೆ ಬಟ್ಟೆಗೆ ಹಾಕುವ ನೀಲಿ ಸಾಕು. ಒಂದು ಬಕೆಟ್ ನೀರಿಗೆ ಕಲಸಿ ವಾಷ್‌ಬೇಸಿನ್‌ಗೆ ಮಾತ್ರ ಸುರಿಯಿರಿ. ಇನ್ನೊಂದು ದಿನ ಕಮೋಡಿಗೆ. ಕೆಳಗೆ ನೀಲಿ ಕಂಡರೆ ದಾರಿ ಸಿಕ್ಕಿತು.

ಇವೆರಡೂ ಸರಿಯಿದ್ದರೆ ಉಳಿಯುವುದು ನೆಲ. ಹೊಸ ಬಾತ್‌ರೂಮುಗಳಲ್ಲಿ ನಾನು ಮೊದಲು ಅನುಮಾನಿಸುವುದೂ ಅದನ್ನೇ. ಇಲ್ಲಿ ನೀರು ನಿಲ್ಲಿಸಿ ನೋಡಬೇಕು. ನೆಲದ ನಹಾನಿ ಟ್ರ್ಯಾಪಿನ, ಅಂದರೆ ನೆಲದ ನೀರು ಹೊರಹೋಗುವ ತೂತಿನ, ಜಾಲರಿ ತೆಗೆಯಿರಿ. ಹಳೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಾಯಿಗೆ ಬಿಗಿಯಾಗಿ ತುರುಕಿ. ಹೊಸ್ತಿಲು ದಾಟದಷ್ಟು ನೀರು ನಿಲ್ಲಿಸಿ, ಒಂದು ಇಂಚು ಸಾಕು. ನೀರಿನ ಮಟ್ಟಕ್ಕೆ ಗೋಡೆಯ ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಎಳೆದು ಫೋಟೋ ತೆಗೆಯಿರಿ. ಕೆಳಗಿನ ಮನೆಯಲ್ಲಿ ಒದ್ದೆ ಕಲೆಯ ಅಂಚಿಗೂ ಹಾಗೇ ಗೆರೆ ಎಳೆದು ಫೋಟೋ. ಆಮೇಲೆ 24 ಗಂಟೆ ಯಾರೂ ಆ ಬಾತ್‌ರೂಮ್ ಬಳಸಬಾರದು, ಸಾಧ್ಯವಾದರೆ 48 ಗಂಟೆ. ಕಲೆ ಗೆರೆ ದಾಟಿ ಹರಡಿದರೆ, ಮೇಲೆ ನೀರು ಗೆರೆಗಿಂತ ಚೆನ್ನಾಗಿ ಕೆಳಗಿಳಿದಿದ್ದರೆ ಟೈಲ್ಸ್ ಕೆಳಗೆ ನೀರು ತಡೆಯಬೇಕಾದ ವಾಟರ್‌ಪ್ರೂಫಿಂಗ್ ಸೋತಿದೆ.

ಸೋಲುವುದಕ್ಕೆ ಕಾರಣ ಬಹಳ ಸಲ ಅವಸರ. ನಹಾನಿ ಟ್ರ್ಯಾಪಿನ ಪೈಪು ಸ್ಲ್ಯಾಬ್ ದಾಟುವ ಜಾಗದ ಸಂದನ್ನು ಗಟ್ಟಿಯಾಗಿ ತುಂಬಿರುವುದಿಲ್ಲ. ವಾಟರ್‌ಪ್ರೂಫಿಂಗ್ ಕೋಟಿಂಗನ್ನು ನೆಲಕ್ಕೆ ಬಳಿದು, ಗೋಡೆಯ ಮೇಲೆ ಒಂದಡಿಯಾದರೂ ಏರಿಸದೆ ಬಿಟ್ಟಿರುತ್ತಾರೆ. ಮೊದಲ ಕೋಟ್ ಒಣಗುವ ಮುಂಚೆ ಎರಡನೆಯದು, ಅದು ಒಣಗುವ ಮುಂಚೆ ಟೈಲ್ಸ್. ನೀರು ನಿಲ್ಲಿಸಿ ನೋಡುವ ಈ ಪರೀಕ್ಷೆಯನ್ನು ಟೈಲ್ಸ್ ಹಾಕುವ ಮೊದಲೇ ಮಾಡಬೇಕಿತ್ತು. ಎರಡು ದಿನ ಉಳಿಸಲು ಹೋಗಿ ಎರಡು ಮನೆಯವರ ನೆಮ್ಮದಿ ಕೆಡಿಸುತ್ತಾರೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲೇ.

ಹಳೆಯ ಅಪಾರ್ಟ್‌ಮೆಂಟ್ ಅಂದಿರಿ, ಹಾಗಾಗಿ ಇನ್ನೊಂದು ಮಾತು. ಬಾತ್‌ರೂಮಿನ ಸ್ಲ್ಯಾಬ್ ತಗ್ಗಿನಲ್ಲಿದ್ದು ಅದರ ಮೇಲೆ ಇಟ್ಟಿಗೆ ಚೂರು ತುಂಬಿದ್ದರೆ, ಸೋರಿದ ನೀರು ಆ ಚೂರುಗಳ ನಡುವೆ ನಿಂತು ನಿಧಾನವಾಗಿ ಇಳಿಯುತ್ತದೆ. ಸೋರಿಕೆ ನಿಲ್ಲಿಸಿದ ಮೇಲೂ ಕೆಲವು ದಿನ ಹನಿ ಬೀಳಬಹುದು. ಆದ್ದರಿಂದ ಒಂದು ಪರೀಕ್ಷೆ ಆದಮೇಲೆ ಸೀಲಿಂಗ್ ಒಣಗಲು ಬಿಟ್ಟು ಇನ್ನೊಂದು ಮಾಡಿ. ಇಲ್ಲದಿದ್ದರೆ ಹಳೆ ನೀರನ್ನೇ ಹೊಸದು ಅಂದುಕೊಳ್ಳುತ್ತೀರಿ.

ಈಗ ಕಂಟ್ರಾಕ್ಟರ್ ವಿಷಯ. ಬಾಯಿಮಾತು ಸಾಕು, ಇನ್ನು ಬರವಣಿಗೆಯಲ್ಲಿ ಹೇಳಿ. ಬೈಗುಳ, ಬೆದರಿಕೆ ಬೇಡ. ವಾಟ್ಸಾಪ್‌ನಲ್ಲಿ ಕಳಿಸಿ, ಅದನ್ನೇ ಪ್ರಿಂಟ್ ತೆಗೆದು ಸಹಿ ಹಾಕಿ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಹೀಗೆ ಬರೆದರೆ ಸಾಕು:

‘ನಮ್ಮ ಮನೆಯ ಬಾತ್‌ರೂಮ್ ಕೆಲಸವನ್ನು ನೀವು ಇಂಥ ದಿನ ಮುಗಿಸಿದ್ದೀರಿ. ಒಟ್ಟು ಇಷ್ಟು ಹಣ ಪಾವತಿಸಿದ್ದೇವೆ. ಇಂಥ ದಿನದಿಂದ ಕೆಳಗಿನ ಮನೆಗೆ ನೀರು ಸೋರುತ್ತಿದೆ. 24 ಗಂಟೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿದ್ದೇವೆ, ಫೋಟೋ ಲಗತ್ತಿಸಿದೆ. 15 ದಿನದೊಳಗೆ ಬಂದು ನೋಡಿ ಸರಿಪಡಿಸಿಕೊಡಿ. ಬಾರದಿದ್ದರೆ ಬೇರೆಯವರಿಂದ ಸರಿಪಡಿಸಿಕೊಂಡು ಖರ್ಚನ್ನು ನಿಮ್ಮಿಂದ ಕೇಳಬೇಕಾಗುತ್ತದೆ.’

ಎಷ್ಟೋ ಜನ ಈ ಪತ್ರಕ್ಕೇ ಬರುತ್ತಾರೆ. ‘ಪ್ಲಂಬರ್ ತಪ್ಪು’ ಅನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಪ್ಲಂಬರನ್ನು ಕರೆತಂದವರು ಅವರೇ, ಕೂಲಿ ಕೊಟ್ಟವರೂ ಅವರೇ ಆಗಿದ್ದರೆ ನಿಮಗೆ ಉತ್ತರ ಕೊಡಬೇಕಾದವರೂ ಅವರೇ. ಪ್ಲಂಬರನ್ನು ನೀವೇ ಬೇರೆಯಾಗಿ ಗೊತ್ತು ಮಾಡಿದ್ದರೆ ಮಾತು ಬೇರೆ. ಆಗ ಯಾವ ದಾರಿಯಿಂದ ನೀರು ಬರುತ್ತಿದೆ ಅನ್ನುವುದರ ಮೇಲೇ ಎಲ್ಲ ನಿಂತಿರುತ್ತದೆ. ಕಂಟ್ರಾಕ್ಟರ್ ಬಂದರೆ, ಟೈಲ್ಸ್ ಸಂದಿಗೆ ಮೇಲಿನಿಂದ ಏನೋ ಬಳಿದು ಹೋಗಲು ಬಿಡಬೇಡಿ. ಸಂದಿಯಿಂದ ಮಾತ್ರ ಸ್ವಲ್ಪ ಇಳಿಯುತ್ತಿದ್ದರೆ ಎಪಾಕ್ಸಿ ಗ್ರೌಟ್ (ಸಂದಿ ತುಂಬುವ ಗಟ್ಟಿ ಅಂಟು) ಕೆಲಸ ಮಾಡುತ್ತದೆ. ಟ್ರ್ಯಾಪಿನ ಬುಡದಲ್ಲೇ ತೂತಿದ್ದರೆ ಅದು ಬರೀ ಕಣ್ಣೊರೆಸುವ ಕೆಲಸ.

ಬರಲೇ ಇಲ್ಲ ಅಂದರೆ? ಅಗ್ರಿಮೆಂಟ್ ಇಲ್ಲ ಅಂತ ಎದೆಗುಂದಬೇಡಿ. ಯುಪಿಐ ಪಾವತಿ, ಕೊಟೇಶನ್, ವಾಟ್ಸಾಪ್ ಮಾತುಕತೆ, ಕೆಲಸ ನಡೆಯುವಾಗಿನ ಫೋಟೋ ಎಲ್ಲವೂ ಆಧಾರವೇ. ಫೋನ್ ಬದಲಿಸುವಾಗ ಚಾಟ್ ಅಳಿಸಿಹೋಗದಂತೆ ನೋಡಿಕೊಳ್ಳಿ. ದುಡ್ಡು ಕೊಟ್ಟು ಮಾಡಿಸಿದ ಇಂಥ ಕೆಲಸ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ‘ಸೇವೆ’. ಕಳಪೆಯಾದರೆ ಅದು ಸೇವಾ ನ್ಯೂನತೆ. ಮೊದಲು 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. ಕಂಟ್ರಾಕ್ಟರ್‌ಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವೂ ಇಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಕಾಯ್ದೆಯಲ್ಲಿ ತಿಂಗಳುಗಳ ಗಡುವು ಬರೆದಿದ್ದರೂ ತೀರ್ಪು ಅದಕ್ಕಿಂತ ತಡವಾಗಬಹುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ.

ಕೆಲವರು ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಹೋಗಿ ಅನ್ನುತ್ತಾರೆ. ರೇರಾ ಕಾಯ್ದೆಯ ಐದು ವರ್ಷದ ದೋಷ ಹೊಣೆ ಇರುವುದು ಮನೆ ಕಟ್ಟಿ ಮಾರಿದ ಬಿಲ್ಡರ್ ಮೇಲೆ. ನೀವು ಆಮೇಲೆ ಕರೆಸಿದ ಕಂಟ್ರಾಕ್ಟರ್‌ಗೆ ಅದು ತಾಗುವುದಿಲ್ಲ.

ಕೆಳಗಿನ ಮನೆಯವರನ್ನು ತೀರ್ಪು ಬರುವ ತನಕ ಕಾಯಿಸಲು ಆಗುವುದಿಲ್ಲ, ಅಲ್ವಾ? ಪತ್ರದ ಗಡುವು ಮುಗಿದ ಮೇಲೆ ಧಾರಾಳವಾಗಿ ಒಡೆಸಿ. ಅದಕ್ಕೂ ಮುಂಚೆ ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರ್‌ರಿಂದ ನೋಡಿಸಿ, ಸಹಿ ಹಾಕಿದ ವರದಿ ತೆಗೆದುಕೊಳ್ಳಿ. ಒಡೆಯುವುದನ್ನು ವಿಡಿಯೋ ಮಾಡಿ, ಟ್ರ್ಯಾಪ್ ಸುತ್ತ ಏನು ಸಿಕ್ಕಿತು ಅಂತ ಹತ್ತಿರದಿಂದ ತೋರಿಸಿ. ಸಾಮಾನು, ಕೂಲಿ ಎಲ್ಲಕ್ಕೂ ಬಿಲ್ ಇರಲಿ.

ಹೊಸ ಮೇಸ್ತ್ರಿಯ ಜೊತೆ ಒಂದು ಮಾತು ಮೊದಲೇ ಆಡಿಕೊಳ್ಳಿ. ಟೈಲ್ಸ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ನೀರು ನಿಲ್ಲಿಸಿ ನೋಡಬೇಕು, ಎರಡರಲ್ಲೂ ಪಾಸಾದ ಮೇಲೇ ಕೊನೆಯ ಕಂತು. ಕೆಳಗಿನ ಮನೆಯ ಸೀಲಿಂಗಿಗೆ ಪೇಂಟ್ ಹೊಡೆಸಿಕೊಡುತ್ತೇವೆ ಅಂತ ಈಗಲೇ ಹೇಳಿಬಿಡಿ, ಆದರೆ ಪೂರ್ತಿ ಒಣಗಿದ ಮೇಲೇ ಹೊಡೆಸಿ. ಒದ್ದೆ ಗೋಡೆಗೆ ಪುಟ್ಟಿ ಬಳಿದರೆ ಮತ್ತೆ ಉಬ್ಬಿ ಬೀಳುತ್ತದೆ, ಅವರು ಮತ್ತೆ ಬಾಗಿಲು ತಟ್ಟುತ್ತಾರೆ.