ಪದ ಪರಿಚಯ: ವಿಕಿರಣಶೀಲ ತ್ಯಾಜ್ಯದ ಮಧ್ಯಂತರ ಸಂಗ್ರಹಣೆ

ಅಣುವಿದ್ಯುತ್ ಸ್ಥಾವರದಲ್ಲಿ ಬಳಸಿ ಮುಗಿದ ಇಂಧನವನ್ನೂ ಅದರ ಮರುಸಂಸ್ಕರಣೆಯಿಂದ ಉಳಿದ ತೀವ್ರ ವಿಕಿರಣಶೀಲ ತ್ಯಾಜ್ಯವನ್ನೂ, ಭೂಗರ್ಭದಲ್ಲಿ ಶಾಶ್ವತ ವಿಲೇವಾರಿಯ ತಾಣ ಸಿದ್ಧವಾಗುವವರೆಗೆ ಕಾಪಿಡುವ ವ್ಯವಸ್ಥೆಯೇ ಮಧ್ಯಂತರ ಸಂಗ್ರಹಣೆ. ರಿಯಾಕ್ಟರಿನಿಂದ ಹೊರತೆಗೆದ ಇಂಧನ ಮೊದಲು ಕೆಲವು ವರ್ಷ ನೀರಿನ ಕೊಳದಲ್ಲಿ ತಣಿಯುತ್ತದೆ. ಶಾಖ ಸಾಕಷ್ಟು ತಗ್ಗಿದ ಮೇಲೆ ಅದನ್ನು ಕ್ಯಾಸ್ಕ್ ಎಂಬ ಭಾರಿ ಪಾತ್ರೆಗೆ ಸೇರಿಸಿ, ತೇವವನ್ನೆಲ್ಲ ತೆಗೆದು, ಹೀಲಿಯಂ ತುಂಬಿ ಮುಚ್ಚಲಾಗುತ್ತದೆ. ಜರ್ಮನಿಯ ಕ್ಯಾಸ್ಟರ್ ಕ್ಯಾಸ್ಕುಗಳು ಎರಕದ ಕಬ್ಬಿಣದವು; ಇಂಧನ ತುಂಬಿದ ದೊಡ್ಡ ಕ್ಯಾಸ್ಕಿನ ತೂಕ 100 ಟನ್ನಿಗೂ ಹೆಚ್ಚು.

ನಿಯಂತ್ರಣ ಸಂಸ್ಥೆ ಮುಖ್ಯವಾಗಿ ಕೇಳುವುದು ನಾಲ್ಕು ಖಾತರಿಗಳನ್ನು: ವಿಕಿರಣಶೀಲ ವಸ್ತು ಹೊರಬರಬಾರದು, ವಿಕಿರಣ ಮಿತಿ ಮೀರಬಾರದು, ಶಾಖ ತಾನಾಗಿಯೇ ಹೊರಹೋಗಬೇಕು, ಒಳಗೆ ಸರಪಳಿ ಕ್ರಿಯೆ ಮತ್ತೆ ಶುರುವಾಗಬಾರದು. ಮೊದಲನೆಯದನ್ನು ಕ್ಯಾಸ್ಟರಿನಲ್ಲಿ ಸಾಧಿಸಿರುವ ಬಗೆ ಗಮನಿಸತಕ್ಕದ್ದು. ಲೋಹದ ಸೀಲುಗಳಿರುವ ಎರಡು ಮುಚ್ಚಳಗಳು ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ನಡುವಿನ ಜಾಗದಲ್ಲಿ, ಕ್ಯಾಸ್ಕಿನ ಒಳಗಿಗಿಂತಲೂ ಹೊರಗಿಗಿಂತಲೂ ಹೆಚ್ಚಿನ ಒತ್ತಡದಲ್ಲಿ ಹೀಲಿಯಂ ಇರುತ್ತದೆ. ಒಂದು ಸೀಲು ಸಡಿಲವಾದರೆ ಈ ಹೀಲಿಯಂ ಒಳಕ್ಕೋ ಹೊರಕ್ಕೋ ಸೋರುತ್ತದೆಯೇ ಹೊರತು ಒಳಗಿನ ವಸ್ತು ಹೊರಕ್ಕೆ ಬರುವುದಿಲ್ಲ. ಒತ್ತಡ ಇಳಿದದ್ದನ್ನು ಮಾಪಕ ಕೂಡಲೇ ತಿಳಿಸುತ್ತದೆ, ದುರಸ್ತಿಗೆ ಸಮಯ ಸಿಗುತ್ತದೆ.

ಜರ್ಮನಿಯಲ್ಲಿ ಪರವಾನಗಿ ಕೊಡುವುದು ಪರಮಾಣು ತ್ಯಾಜ್ಯ ನಿರ್ವಹಣೆಯ ಸುರಕ್ಷತೆಗಾಗಿರುವ ಒಕ್ಕೂಟ ಕಚೇರಿ. ದಿನನಿತ್ಯದ ಮೇಲ್ವಿಚಾರಣೆ ಆಯಾ ರಾಜ್ಯದ್ದು. ನಡೆಸುವವರು, ಅನುಮತಿಸುವವರು, ತಪಾಸಣೆ ಮಾಡುವವರು ಬೇರೆ ಬೇರೆಯಾಗಿರುವುದು ಈ ವ್ಯವಸ್ಥೆಯ ಬಲ. ಅನುಮತಿಯನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು: ಭಾರಿ ವಿಮಾನವನ್ನು ಕಟ್ಟಡದ ಮೇಲೆ ಬೀಳಿಸುವಂಥ ದಾಳಿಯ ಅಪಾಯವನ್ನು ಸಾಕಷ್ಟು ಪರಿಶೀಲಿಸಿಲ್ಲವೆಂಬ ಕಾರಣಕ್ಕೆ ಬ್ರುನ್ಸ್‌ಬ್ಯುಟೆಲ್ ಸಂಗ್ರಹಾಗಾರದ ಪರವಾನಗಿಯನ್ನು ಮೇಲಿನ ಹಂತದ ರಾಜ್ಯ ನ್ಯಾಯಾಲಯವೊಂದು 2013ರಲ್ಲಿ ರದ್ದುಪಡಿಸಿತು.

ನನ್ನ ದೃಷ್ಟಿಯಲ್ಲಿ ಕ್ಯಾಸ್ಕಿನ ಗಟ್ಟಿತನಕ್ಕಿಂತ ಕಠಿಣವಾದದ್ದು ಕಾಲದ ಪ್ರಶ್ನೆ. ಜರ್ಮನಿಯ ಪರವಾನಗಿಗಳ ಅವಧಿ 40 ವರ್ಷ; ಗೋರ್ಲೆಬೆನ್‌ನದು 2034ರಲ್ಲಿ, ಆಹೌಸ್‌ನದು 2036ರಲ್ಲಿ ಮುಗಿಯುತ್ತದೆ. ಶಾಶ್ವತ ತಾಣವನ್ನು 2031ರೊಳಗೆ ಗೊತ್ತುಮಾಡಬೇಕೆಂಬುದು 2017ರ ಕಾನೂನಿನ ಗುರಿಯಾಗಿತ್ತು, ಆದರೆ ಅದು ಕೈಗೂಡದೆಂದು 2022ರಲ್ಲೇ ಸರ್ಕಾರ ತಿಳಿಸಿತು. ಹಾಗಾಗಿ ಈ ಕ್ಯಾಸ್ಕುಗಳು ಮೊದಲು ಲೆಕ್ಕಹಾಕಿದ್ದಕ್ಕಿಂತ ಬಹಳ ದೀರ್ಘಕಾಲ ಕಾಯಬೇಕಾಗುತ್ತದೆ. ಅಲ್ಲಿನ ಅಣುಶಕ್ತಿ ಕಾಯ್ದೆಯಂತೆ 40 ವರ್ಷ ಮೀರಿದ ನವೀಕರಣಕ್ಕೆ ಅನಿವಾರ್ಯ ಕಾರಣ ಇರಬೇಕು, ಸಂಸತ್ತಿನಲ್ಲಿ ವಿಷಯ ಮೊದಲೇ ಚರ್ಚೆಗೆ ಬರಬೇಕು. ಕಚೇರಿಯೊಳಗಿನ ಒಂದು ಮುದ್ರೆಯಿಂದ ಅವಧಿ ಬೆಳೆಯದಂತೆ ತಡೆಯುವ ಈ ನಿಯಮ ಅತ್ಯಂತ ಅಗತ್ಯವಾದದ್ದು.

ನವೀಕರಣ ಕೇಳುವವರು ಉತ್ತರಿಸಬೇಕಾದ ತಾಂತ್ರಿಕ ಪ್ರಶ್ನೆಗಳೂ ಸುಲಭದವಲ್ಲ. ದಶಕಗಳ ಶಾಖ ಮತ್ತು ವಿಕಿರಣದ ನಡುವೆ ಲೋಹದ ಸೀಲು ತನ್ನ ಬಿಗಿಯನ್ನು ಎಷ್ಟು ಉಳಿಸಿಕೊಂಡಿದೆ, ಇಂಧನ ಸರಳುಗಳ ಜಿರ್ಕೋನಿಯಂ ಹೊದಿಕೆ ಪೆಡಸಾಗಿಲ್ಲವೇ ಎಂಬುದನ್ನು ಪ್ರತಿ ಕ್ಯಾಸ್ಕನ್ನೂ ತೆರೆದು ನೋಡಲಾಗದು. ಪ್ರಯೋಗಾಲಯದ ಪರೀಕ್ಷೆ ಮತ್ತು ಲೆಕ್ಕಾಚಾರಗಳಿಂದಲೇ ತೋರಿಸಿಕೊಡಬೇಕು. ಜೊತೆಗೆ, ಕೊನೆಗೊಂದು ದಿನ ವಿಲೇವಾರಿ ತಾಣಕ್ಕೆ ಸಾಗಿಸಬೇಕಾದ ಕಾರಣ, ಕ್ಯಾಸ್ಕ್ ಆಗಲೂ ಸಾಗಣೆಯ ಸುರಕ್ಷತಾ ನಿಯಮಗಳಿಗೆ ಒಪ್ಪುವಂತಿರಬೇಕು.